ಪಿಲಾಟೀಸ್ ಕಲಿಕೆ: ಮನೆಯಲ್ಲಿಯೋ, ಶಿಕ್ಷಕರ ಬಳಿಯೋ?

ತಕ್ಕಡಿಯ ಬರಿದಾದ ತಟ್ಟೆಗಳು ಸಮನಾಗಿ ನಿಲ್ಲುವುವೇ ಎಂದು ನೋಡಿದ ಬಳಿಕವೇ ತೂಕಕ್ಕೆ ತೊಡಗಬೇಕೆಂಬುದು ಅಂಗಡಿಯವರೂ ಬಲ್ಲ ಮಾತು. ಉಪಕರಣದಲ್ಲಿ ಶೂನ್ಯದೋಷವಿದ್ದರೆ ನೂರು ಬಾರಿ ಅಳೆದರೂ ಅದು ನೀಗುವುದಿಲ್ಲ. ಪಿಲಾಟೀಸ್ ಎಂಬ ವ್ಯಾಯಾಮವನ್ನು ಮನೆಯಲ್ಲಿಯೇ ಕಲಿಯಬಹುದೋ, ಶಿಕ್ಷಕರ ಬಳಿಗೆ ಹೋಗಬೇಕೋ ಎಂಬ ಪ್ರಶ್ನೆಗೂ ಈ ಮಾತಿಗೂ ಸಂಬಂಧವಿದೆ. ಅದೇನೆಂಬುದನ್ನು ಪರಿಶೀಲಿಸೋಣ.

ಈ ಪದ್ಧತಿಯನ್ನು ರೂಪಿಸಿದ ಜೋಸೆಫ್ ಪಿಲಾಟೀಸನು ೧೮೮೩ರಲ್ಲಿ ಜರ್ಮನಿಯಲ್ಲಿ ಹುಟ್ಟಿದನು. ಮೊದಲನೆಯ ಮಹಾಯುದ್ಧದ ಕಾಲವನ್ನು ಬ್ರಿಟಿಷರ ಬಂಧನ ಶಿಬಿರಗಳಲ್ಲಿ ಕಳೆದು, ೧೯೨೬ರಲ್ಲಿ ನ್ಯೂಯಾರ್ಕ್ ನಗರವನ್ನು ಸೇರಿದನು. ೧೯೬೭ರಲ್ಲಿ ತೀರಿಕೊಳ್ಳುವವರೆಗೂ ಅವನ ಕಾರ್ಯಕ್ಷೇತ್ರ ಅದೇ ಆಗಿತ್ತು. ಅಲ್ಲಿನ ವ್ಯಾಯಾಮಶಾಲೆಯಲ್ಲಿ ಅವನೂ ಅವನ ಸಂಗಾತಿ ಕ್ಲಾರಾಳೂ ಕಲಿಯುವವರ ಅಂಗಾಂಗಗಳನ್ನು ಕೈಯಿಂದಲೇ ತಿದ್ದಿ ಕಲಿಸುತ್ತಿದ್ದರು. ಆದರೆ ೧೯೪೫ರಲ್ಲಿ ಅವನೇ ೩೪ ವ್ಯಾಯಾಮಗಳನ್ನು ಚಿತ್ರಸಹಿತ ವಿವರಿಸಿ, ಮನೆಯಲ್ಲಿಯೂ ಮಾಡಬಹುದಾದಂತೆ ಒಂದು ಪುಸ್ತಕವನ್ನು ಪ್ರಕಟಿಸಿದನು. ಎಂದರೆ ಎರಡು ಮಾರ್ಗಗಳಿಗೂ ಮೂಲಪುರುಷನ ಸಮ್ಮತಿಯಿತ್ತು.

ಆ ಪುಸ್ತಕದ ಮೊದಲನೆಯ ವ್ಯಾಯಾಮದ ಹೆಸರು 'ನೂರು'. ಅಂಗಾತ ಮಲಗಿ, ತಲೆಯನ್ನೆತ್ತಿ, ನೀಡಿದ ಕಾಲುಗಳನ್ನು ನೆಲದಿಂದ ತುಸುವೇ ಮೇಲೆ ಹಿಡಿದು, ನೂರು ಎಣಿಸುವವರೆಗೆ ತೋಳುಗಳನ್ನು ಮೇಲಕ್ಕೂ ಕೆಳಕ್ಕೂ ಆಡಿಸಬೇಕು. ನೋಡಲು ಸುಲಭ, ಲೆಕ್ಕ ಹಾಕಿದರೆ ಹಾಗಲ್ಲ. ಒಂದೊಂದು ಕಾಲೂ ದೇಹದ ತೂಕದ ಸುಮಾರು ಆರನೆಯ ಒಂದು ಪಾಲು ತೂಗುತ್ತದೆ. ೬೦ ಕಿಲೋಗ್ರಾಂ ತೂಗುವವರ ಎರಡು ಕಾಲುಗಳು ಸುಮಾರು ೨೦ ಕಿಲೋಗ್ರಾಂ. ಈ ಭಾರದ ಗುರುತ್ವಕೇಂದ್ರವು ಸೊಂಟದ ಕೀಲಿನಿಂದ ಸುಮಾರು ೪೦ ಸೆಂಟಿಮೀಟರ್ ದೂರದಲ್ಲಿದೆ. ಸನ್ನೆಯ ನಿಯಮದಂತೆ, ಕಾಲುಗಳು ಅಡ್ಡವಾಗಿರುವಾಗ ಭಾರದ ತಿರುಗಿಸುವ ಪರಿಣಾಮ ಅತ್ಯಧಿಕ. ೬೦ ಡಿಗ್ರಿ ಮೇಲೆತ್ತಿದರೆ ಅದರ ಅರ್ಧ. ಮೊಣಕಾಲನ್ನೂ ಮಡಿಸಿದರೆ ಮತ್ತಷ್ಟು ಕಡಮೆ.

ಕಾಲನ್ನೆತ್ತುವ ಮುಖ್ಯ ಸ್ನಾಯುವೊಂದು ನಡುವಿನ ಬೆನ್ನೆಲುಬಿಗೇ ಅಂಟಿಕೊಂಡಿದೆ. ಅದು ಕೀಲಿಗೆ ಬಹು ಸಮೀಪದಲ್ಲಿ ಹಾದುಹೋಗುವುದರಿಂದ, ಭಾರವನ್ನು ಹಿಡಿದಿಡಲು ಪ್ರಬಲವಾಗಿ ಎಳೆಯಬೇಕಾಗುತ್ತದೆ. ಹೊಟ್ಟೆಯ ಸ್ನಾಯುಗಳು ಆ ಎಳೆತವನ್ನು ತಡೆಯಲಾರದೆ ಸೋತರೆ, ನಡುವು ನೆಲವನ್ನು ಬಿಟ್ಟು ಕಮಾನಿನಂತೆ ಏಳುತ್ತದೆ. ಕಾಲುಗಳೇನೋ ಮೇಲೆಯೇ ಇವೆ. ಆದರೆ ಹೊಟ್ಟೆ ಹೊರಬೇಕಾದ ಹೊರೆ ಬೆನ್ನಿನ ಪಾಲಾಯಿತು.

ಇದು ಮಾಡುವವರಿಗೆ ತಿಳಿಯುವುದಿಲ್ಲವೇ? ಅಂಗಾಂಗಗಳ ಸ್ಥಿತಿಯನ್ನು ಮಿದುಳಿಗೆ ತಿಳಿಸುವ ಗ್ರಾಹಕಗಳು ಸ್ನಾಯುಗಳಲ್ಲಿಯೂ ಕೀಲುಗಳಲ್ಲಿಯೂ ಇವೆ. ಈ ಒಳಗಣ ಸಂವೇದನೆಗೆ ಇಂಗ್ಲೆಂಡಿನ ಶೆರಿಂಗ್ಟನ್ ಎಂಬ ಶರೀರವಿಜ್ಞಾನಿಯು ೧೯೦೬ರಲ್ಲಿ ಪ್ರತ್ಯೇಕ ಹೆಸರನ್ನೇ ಕೊಟ್ಟನು. ಆದರೆ ಬಹುಕಾಲದಿಂದ ರೂಢಿಯಾದ ಭಂಗಿಯು ಓರೆಯಾಗಿದ್ದರೂ ನಮಗೆ ನೆಟ್ಟಗಿರುವಂತೆಯೇ ತೋರುತ್ತದೆ. ಅದನ್ನು ಯಾರಾದರೂ ತಿದ್ದಿ ನಿಲ್ಲಿಸಿದರೆ ಓರೆಯಾದಂತೆ ಭಾಸವಾಗುತ್ತದೆ. ಇದೇ ದೇಹದ ಶೂನ್ಯದೋಷ. ಅಭ್ಯಾಸದ ಬಲದಿಂದ ಇದು ತಾನಾಗಿ ಅಳಿಯುವುದೆಂದು ನಂಬುವಂತಿಲ್ಲ, ತಪ್ಪೇ ಬಲಿಯಬಹುದು. ಕನ್ನಡಿಯ ಕಡೆಗೆ ತಲೆ ಹೊರಳಿಸಿದರೆ ಕತ್ತಿನ ಭಂಗಿಯೇ ಕೆಡುತ್ತದೆ. ಮುದ್ರಿತ ಚಲನಚಿತ್ರದ ಶಿಕ್ಷಕನನ್ನು ನಾವು ಕಾಣುತ್ತೇವೆ, ಅವನು ನಮ್ಮನ್ನು ಕಾಣನು.

ಆದುದರಿಂದ ಶಿಕ್ಷಕರ ಮುಖ್ಯ ಕೆಲಸ ಶೂನ್ಯವನ್ನು ಸರಿಪಡಿಸುವುದು. ಅದಕ್ಕಾಗಿ ಜೀವಮಾನವಿಡೀ ಅವರ ಬಳಿಗೆ ಹೋಗಬೇಕಾಗಿಲ್ಲ. ಆರಂಭದಲ್ಲಿ ಕೆಲವು ಪಾಠಗಳು, ಆಮೇಲೆ ಆಗಾಗ ಒಂದು ಪರೀಕ್ಷೆ. ಉಳಿದ ಅಭ್ಯಾಸವೆಲ್ಲ ಮನೆಯಲ್ಲಿ ನಡೆಯಬಹುದು. ಮನೆಯಲ್ಲಿ ಮಡಿಸಿದ ತೆಳು ಟವಲನ್ನು ನಡುವಿನ ಕೆಳಗಿಟ್ಟುಕೊಳ್ಳಿರಿ. ಕಾಲುಗಳನ್ನು ಇಳಿಸುವಾಗ ಟವಲಿನ ಮೇಲಿನ ಒತ್ತಡ ಸಡಿಲಿದರೆ, ಇಲ್ಲವೇ ಉಸಿರು ಕಟ್ಟಿದರೆ, ಭಾರ ಮೀರಿತೆಂದು ತಿಳಿದು ಕಾಲುಗಳನ್ನು ಮೇಲಕ್ಕೆತ್ತಿರಿ ಅಥವಾ ಮೊಣಕಾಲುಗಳನ್ನು ಮಡಿಸಿರಿ.

ಸ್ಪ್ರಿಂಗುಗಳುಳ್ಳ ಪಿಲಾಟೀಸ್ ಯಂತ್ರಗಳ ಮಾತು ಬೇರೆ. ಎಳೆದಷ್ಟೂ ಸ್ಪ್ರಿಂಗಿನ ಬಲ ಹೆಚ್ಚುತ್ತದೆ. ಕೆಲವು ಚಲನೆಗಳಲ್ಲಿ ಅದು ತಡೆಯಾಗುವ ಬದಲು ಆಸರೆಯಾಗುತ್ತದೆ. ಅಲ್ಲಿ ಒಂದು ಸ್ಪ್ರಿಂಗನ್ನು ಕಳಚಿದರೆ ವ್ಯಾಯಾಮ ಸುಲಭವಾಗದೆ ಕಠಿನವಾಗುತ್ತದೆ. ಇವನ್ನು ಶಿಕ್ಷಕರಿಲ್ಲದೆ ಮುಟ್ಟದಿರುವುದು ಲೇಸು.

ಮೂಳೆಗಳು ಸವೆದು ದುರ್ಬಲವಾದವರು ಬೆನ್ನನ್ನು ಮುಂದಕ್ಕೆ ಬಾಗಿಸಿ ಉರುಳುವ ವ್ಯಾಯಾಮಗಳನ್ನು ಮಾಡಿದರೆ ಬೆನ್ನೆಲುಬು ಮುರಿಯುವ ಅಪಾಯವುಂಟು. ಅಂತಹವರೂ, ಗರ್ಭಿಣಿಯರೂ, ಬೆನ್ನುನೋವಿನೊಡನೆ ಕಾಲುಗಳಲ್ಲಿ ಜೋಮು ಹಿಡಿಯುವವರೂ ಮೊದಲು ವೈದ್ಯರನ್ನು ಕಾಣಬೇಕು. ಮಿಕ್ಕವರಿಗೆ ಒಂದು ಚಾಪೆಯೂ, ಆರಂಭದಲ್ಲಿ ತಿದ್ದುವ ಎರಡು ಕಣ್ಣುಗಳೂ ಸಾಕು.