ಅಂಗವಿಕಲರೂ ಅಂಗೈಯೊಳಗಿನ ಕಚೇರಿಯೂ

2025ನೆಯ ಇಸವಿ ಏಪ್ರಿಲ್ ತಿಂಗಳ 30ನೆಯ ತಾರೀಖಿನಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪೊಂದರ ಕಡೆಗೆ ನಮ್ಮ ವಾಚಕರ, ವಿಶೇಷವಾಗಿ ಅಧಿಕಾರಿವರ್ಗದವರ, ಲಕ್ಷ್ಯವನ್ನು ಸೆಳೆಯಲಿಚ್ಛಿಸುತ್ತೇವೆ. ಆಮ್ಲದ ದಾಳಿಗೆ ಸಿಕ್ಕಿ ಮುಖವೂ ಕಣ್ಣುಗಳೂ ಬೆಂದುಹೋದವರು ಒಂದು ಕಡೆ, ಪೂರ್ಣವಾಗಿ ದೃಷ್ಟಿಯಿಲ್ಲದವರೊಬ್ಬರು ಇನ್ನೊಂದು ಕಡೆ ನ್ಯಾಯಾಲಯದ ಮೆಟ್ಟಲೇರಿದ್ದರು. ಬ್ಯಾಂಕಿನಲ್ಲಿ ಡಿಜಿಟಲ್ ವಿಧಾನದಿಂದ ಖಾತೆ ತೆರೆಯಬೇಕಾದರೆ ಮೊಬೈಲಿನ ಮುಂದೆ ಮುಖವಿಟ್ಟು ಕಣ್ಣು ಮಿಟುಕಿಸಬೇಕಾಗಿತ್ತು. ಮಿಟುಕಿಸಿದವನು ಮಾತ್ರ ಜೀವಂತ ಮನುಷ್ಯನೆಂಬುದು ಯಂತ್ರದ ನಿರ್ಣಯ. ರೆಪ್ಪೆಗಳೇ ಸುಟ್ಟುಹೋದವರು ಮಿಟುಕಿಸುವುದೆಂತು? ಕಣ್ಣೇ ಕಾಣದವರು ಪರದೆಯ ಮೇಲಿನ ವರ್ತುಲದೊಳಗೆ ಮುಖವನ್ನು ಹೊಂದಿಸುವುದೆಂತು? ನ್ಯಾಯಮೂರ್ತಿಗಳಾದ ಜೆ. ಬಿ. ಪಾರ್ದೀವಾಲಾ ಮತ್ತು ಆರ್. ಮಹಾದೇವನ್ ಅವರು ಡಿಜಿಟಲ್ ಸೇವೆಗಳ ಪ್ರವೇಶವು ಸಂವಿಧಾನದ 21ನೆಯ ಅನುಚ್ಛೇದವು ಕೊಟ್ಟ ಜೀವಿಸುವ ಹಕ್ಕಿನ ಅಂಗವೆಂದು ಸಾರಿ, 20 ನಿರ್ದೇಶನಗಳನ್ನು ವಿಧಿಸಿದರು. ಕಣ್ಣು ಮಿಟುಕಿಸುವುದಕ್ಕೆ ಬದಲಾಗಿ ಬೇರೆ ವಿಧಾನಗಳಿರಬೇಕೆಂಬುದು ಅವುಗಳಲ್ಲಿ ಒಂದು. ಹೊಸ ಆ್ಯಪನ್ನು ಬಳಕೆಗೆ ತರುವ ಮುಂಚೆ ನಡೆಯುವ ಪರೀಕ್ಷೆಯಲ್ಲಿ ಅಂಧರನ್ನೂ ಸೇರಿಸಿಕೊಳ್ಳಬೇಕೆಂಬುದು ಇನ್ನೊಂದು.

ಇದು ಕೆಲವರ ಗೋಳೆಂದು ತಳ್ಳಿಹಾಕುವಂಥ ಮಾತಲ್ಲ. 2011ನೆಯ ಜನಗಣತಿಯ ಪ್ರಕಾರ ಭರತಖಂಡದಲ್ಲಿ ಅಂಗವಿಕಲರ ಸಂಖ್ಯೆ 2 ಕೋಟಿ 68 ಲಕ್ಷ. ನಮ್ಮ ಕರ್ನಾಟಕವೊಂದರಲ್ಲಿಯೇ 13 ಲಕ್ಷ 24 ಸಾವಿರ. ದೃಷ್ಟಿಯ ದೋಷವುಳ್ಳವರೇ ದೇಶದಲ್ಲಿ 50 ಲಕ್ಷಕ್ಕೆ ಮೀರಿದ್ದರು; ಶ್ರವಣದ ದೋಷವುಳ್ಳವರೂ ಅಷ್ಟೇ ಮಂದಿ. ಆ ಗಣತಿಯಾದ ಮೇಲೆ ಬಂದ 2016ನೆಯ ಕಾಯಿದೆಯು ವಿಕಲತೆಯ ಪ್ರಕಾರಗಳನ್ನು 7ರಿಂದ 21ಕ್ಕೆ ಹೆಚ್ಚಿಸಿತು. ವಯಸ್ಸಾದ ಮೇಲೆ ಕಣ್ಣು ಮಂಜಾಗಿ, ಬೆರಳು ನಡುಗುವವರನ್ನು ಇದರಲ್ಲಿ ಯಾರೂ ಎಣಿಸಿಲ್ಲ. ದೀರ್ಘಾಯುಷ್ಯವನ್ನು ಬಯಸುವ ನಾವೆಲ್ಲರೂ ಆ ಸಾಲಿನಲ್ಲಿ ನಿಲ್ಲತಕ್ಕವರೇ.

ಹಿಂದೆ ಕಚೇರಿಯೆಂದರೆ ಕಲ್ಲುಕಟ್ಟಡ. ದೃಷ್ಟಿಯಿಲ್ಲದವರು ಮಗನ ಭುಜ ಹಿಡಿದು ಅಲ್ಲಿಗೆ ಹೋದರೆ ದಯಾವಂತನಾದ ಗುಮಾಸ್ತನೊಬ್ಬನು ಅರ್ಜಿಯನ್ನು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದನು. ಈಗ ಕಚೇರಿಯು ಅಂಗೈಯೊಳಕ್ಕೆ ಇಳಿದು ಬಂದಿದೆ. ಮಾಸಾಶನ, ಪಡಿತರ, ರೈಲಿನ ಟಿಕೀಟು, ಬ್ಯಾಂಕಿನ ಹಣ, ಆಸ್ಪತ್ರೆಯ ಚೀಟಿ ಇವೆಲ್ಲ ಮೊಬೈಲು ಆ್ಯಪಿನ ಮೂಲಕ ನಡೆಯುತ್ತಿವೆ. ಈ ಬದಲಾವಣೆಯು ಅಂಗವಿಕಲರಿಗೆ ಶಾಪವಾಗಬೇಕಾಗಿಲ್ಲ, ವರವೇ ಆಗಬಹುದು.

ಅದು ಹೇಗೆಂಬುದನ್ನು ಸ್ವಲ್ಪ ವಿವರಿಸುವುದು ಉಚಿತ. 2009ನೆಯ ಇಸವಿಯಲ್ಲಿ ಆಪಲ್ ಕಂಪೆನಿಯವರು ತಮ್ಮ ಐಫೋನಿನಲ್ಲಿ ವಾಯ್ಸ್‌ಓವರ್ ಎಂಬುದನ್ನೂ, ಅದೇ ವರುಷ ಗೂಗಲ್ಲಿನವರು ಆಂಡ್ರಾಯ್ಡಿನಲ್ಲಿ ಟಾಕ್‌ಬ್ಯಾಕ್ ಎಂಬುದನ್ನೂ ಸೇರಿಸಿದರು. ಇವು ಪರದೆಯನ್ನು ಓದಿ ಹೇಳುವ ವ್ಯವಸ್ಥೆಗಳು. ಗಾಜಿನ ಮೇಲೆ ಬೆರಳಾಡಿಸಿದರೆ ಬೆರಳಿನ ಕೆಳಗೆ ಇರುವುದನ್ನು ಫೋನು ಗಟ್ಟಿಯಾಗಿ ಹೇಳುತ್ತದೆ. ಬೇಕಾದುದು ದೊರೆತಾಗ ಎರಡು ಸಲ ತಟ್ಟಿದರೆ ಕೆಲಸವಾಗುತ್ತದೆ. ಗಣಕಯಂತ್ರಕ್ಕೆ ಇಂಥದೇ ಒಂದು ಸಾಧನವನ್ನು, ಎನ್‌ವಿಡಿಎ ಎಂಬುದನ್ನು, ಸ್ವತಃ ಅಂಧರಾದ ಆಸ್ಟ್ರೇಲಿಯದ ಮೈಕಲ್ ಕರನ್ ಎಂಬವರು 2006ರಲ್ಲಿ ಆರಂಭಿಸಿ ಲೋಕಕ್ಕೆ ಉಚಿತವಾಗಿ ಕೊಟ್ಟರು. ಈ ಸಾಧನಗಳು ಇಂದು ಕನ್ನಡವನ್ನೂ ಉಚ್ಚರಿಸಬಲ್ಲವು. ಪರರ ಕಣ್ಣಿನ ಹಂಗಿಲ್ಲದೆ ಪತ್ರ ಓದಿ, ಹಣ ಕಳುಹಿಸಿ, ಪತ್ರಿಕೆ ತಿಳಿದುಕೊಳ್ಳುವ ಸ್ವಾತಂತ್ರ್ಯವನ್ನು ಯಂತ್ರವು ಕೊಟ್ಟಿದೆ.

ಆದರೆ ಈ ಓದುಗನು ಬರೆದಿಟ್ಟುದನ್ನು ಮಾತ್ರ ಓದಬಲ್ಲನು. ಆ್ಯಪನ್ನು ರಚಿಸಿದವರು ಗುಂಡಿಯ ಮೇಲೆ ಅಂದವಾದ ಚಿತ್ರವನ್ನಿಟ್ಟು ಅದಕ್ಕೊಂದು ಹೆಸರನ್ನು ಒಳಗೆ ಬರೆದಿಡದಿದ್ದರೆ, ಕೇಳುವವರಿಗೆ “ಗುಂಡಿ, ಗುಂಡಿ, ಗುಂಡಿ” ಎಂಬುದಲ್ಲದೆ ಬೇರೇನೂ ಕೇಳಿಸದು. ಯಾವುದು ಹಣ ಕಳುಹಿಸುವುದು, ಯಾವುದು ರದ್ದು ಮಾಡುವುದು? ತಪ್ಪಿದ ಕಲಂಗಳನ್ನು ಕೆಂಪುಬಣ್ಣದಿಂದ ಮಾತ್ರ ತೋರಿಸಿದರೆ ಬಣ್ಣದ ಭೇದ ಕಾಣದವನಿಗೆ ಅದು ಇಲ್ಲದಂತೆಯೇ. ಸೊಟ್ಟ ಅಕ್ಷರಗಳ ಚಿತ್ರವನ್ನಿಟ್ಟು “ನೀನು ಮನುಷ್ಯನೆಂದು ತೋರಿಸು” ಎನ್ನುವ ಪದ್ಧತಿಯಂತೂ ಅಂಧರನ್ನು ಮನುಷ್ಯಕೋಟಿಯಿಂದಲೇ ಹೊರಗಿಡುತ್ತದೆ. ಕ್ಷಣಕಾಲದಲ್ಲಿ ಅವಧಿ ಮುಗಿಯುವ ಗುಪ್ತಸಂಖ್ಯೆಯು ಕೈ ನಡುಗುವವನಿಗೆ ಬಂದೂ ಬಾರದಂತಾಗುತ್ತದೆ. ಧ್ವನಿಯಿಂದ ಮಾತ್ರ ತಿಳಿಸುವ ಸೂಚನೆಯು ಕಿವಿ ಕೇಳದವನಿಗೆ ಮುಟ್ಟುವುದಿಲ್ಲ.

ಇವುಗಳಿಗೆ ಪರಿಹಾರವು ಯಾವ ಗೂಢವಿದ್ಯೆಯೂ ಅಲ್ಲ. 1999ರಿಂದಲೂ ಅಂತರ್ರಾಷ್ಟ್ರೀಯ ಮಾರ್ಗಸೂಚಿಗಳು ಪ್ರಕಟವಾಗುತ್ತ 2023ರ ಆವೃತ್ತಿಯವರೆಗೆ ಬೆಳೆದಿವೆ. ಪ್ರತಿಯೊಂದು ಗುಂಡಿಗೂ ಚಿತ್ರಕ್ಕೂ ಹೆಸರಿರಬೇಕು. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಪ್ರಮಾಣ ಕನಿಷ್ಠ 4.5ಕ್ಕೆ 1 ಇರಬೇಕು. ಅಕ್ಷರಗಳನ್ನು ಇಮ್ಮಡಿ ದೊಡ್ಡದು ಮಾಡಿದರೂ ಪುಟ ಕೆಡಬಾರದು. ಬಣ್ಣವೊಂದರಿಂದಲೇ ಅರ್ಥವನ್ನು ಸೂಚಿಸಬಾರದು. ಕಾಲದ ಮಿತಿಯಿದ್ದರೆ ಅದನ್ನು ಹೆಚ್ಚಿಸಿಕೊಳ್ಳಲು ದಾರಿಯಿರಬೇಕು. ಮುಟ್ಟುವ ಗುರಿಯು ಸುಮಾರು 9 ಮಿಲಿಮೀಟರಿಗೆ ಕಡಿಮೆಯಿರಬಾರದೆಂದು ಆಂಡ್ರಾಯ್ಡಿನವರ ಸಲಹೆ. ಇವುಗಳಲ್ಲಿ ಯಾವುದೂ ಹಣದ ಕೊರತೆಯಿಂದ ನಿಂತುದಲ್ಲ. ಗಮನದ ಕೊರತೆಯಿಂದ ನಿಂತುದು.

ಕನ್ನಡಿಗರಾದ ನಾವು ನಮ್ಮ ಭಾಷೆಗೆ ವಿಶೇಷವಾದ ಕೆಲವು ತೊಡಕುಗಳನ್ನು ಇಲ್ಲಿ ಹೇಳಲೇಬೇಕು. ಕನ್ನಡ ಲಿಪಿಯು 1991ರಲ್ಲಿಯೇ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಸ್ಥಾನ ಪಡೆದಿದೆ. ಆದರೂ ಹಳೆಯ ಅಕ್ಷರವಿನ್ಯಾಸಗಳಲ್ಲಿ ಟೈಪುಮಾಡಿದ ಸುತ್ತೋಲೆಗಳೂ ಆದೇಶಗಳೂ ಇಂದಿಗೂ ಕೈಗೆ ಬರುತ್ತವೆ. ಕಣ್ಣಿಗೆ ಅದು ಸೊಗಸಾದ ಕನ್ನಡ. ಯಂತ್ರದ ಒಳಗೆ ಮಾತ್ರ ಅದು ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ರಾಶಿ. ಓದುವ ಸಾಧನವು ಆ ರಾಶಿಯನ್ನೇ ಉಚ್ಚರಿಸುತ್ತದೆ. ಇನ್ನು ಕಾಗದದ ಚಿತ್ರ ತೆಗೆದು ಆ್ಯಪಿನಲ್ಲಿ ಹಾಕುವ ಅಭ್ಯಾಸವೊಂದಿದೆ. ಚಿತ್ರದಲ್ಲಿರುವ ಕನ್ನಡವು ಅಂಧ ಓದುಗನಿಗೆ ಖಾಲಿ ಹಾಳೆಗೆ ಸಮಾನ. ಬರೆಹವು ಕನ್ನಡದಲ್ಲಿದೆಯೆಂದು ಯಂತ್ರಕ್ಕೆ ತಿಳಿಸಿ ಗುರುತಿಡದಿದ್ದರೆ ಅದು ಇಂಗ್ಲಿಷ್ ಧ್ವನಿಯಲ್ಲಿ ತಡವರಿಸಬಹುದು, ಇಲ್ಲವೆ ಮೂಕವಾಗಬಹುದು. ಕಣ್ಣಿಗೆ ಕಾಣುವ ಮಾತುಗಳನ್ನೆಲ್ಲ ಕನ್ನಡಕ್ಕೆ ತಿರುಗಿಸಿ, ಒಳಗೆ ಬರೆದಿಟ್ಟ ಗುಂಡಿಗಳ ಹೆಸರನ್ನು ಇಂಗ್ಲಿಷಿನಲ್ಲಿಯೇ ಬಿಡುವುದೂ ಉಂಟು. ಕನ್ನಡವನ್ನಷ್ಟೇ ಬಲ್ಲ ಅಂಧ ಗೃಹಿಣಿಗೆ ಅದರಿಂದ ಏನು ಫಲ? ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದ ಸಾಲುಗಳಲ್ಲಿ ನಮ್ಮ ಒತ್ತಕ್ಷರಗಳು ಕೆಳಗೆ ಕತ್ತರಿಸಿಹೋಗುತ್ತವೆ. ಅಕ್ಷರವನ್ನು ಹಿಗ್ಗಿಸಿ ಓದುವ ಮಂದದೃಷ್ಟಿಯವರಿಗೆ ಇದರ ತೊಂದರೆ ಇಮ್ಮಡಿ. ಕನ್ನಡದ ಅಭಿಮಾನವೆಂಬುದು ನಾಮಫಲಕಗಳಲ್ಲಿ ಮುಗಿಯದೆ ಇಂಥ ಸೂಕ್ಷ್ಮಗಳಿಗೂ ಹರಡಬೇಕೆಂದು ನಮ್ಮ ಅಭಿಪ್ರಾಯ.

ಈ ವಿಷಯದ ಮರ್ಮವಾವುದೆಂದರೆ: ಆ್ಯಪು ಅಂಧನೊಡನೆ ಮಾತಾಡದಿದ್ದರೆ ಅವನು ಏನು ಮಾಡುತ್ತಾನೆ? ಫೋನನ್ನು ಇನ್ನೊಬ್ಬರ ಕೈಗೆ ಕೊಟ್ಟು ತನ್ನ ಗುಪ್ತಸಂಖ್ಯೆಯನ್ನು ಹೇಳುತ್ತಾನೆ. ಆ ಇನ್ನೊಬ್ಬರು ಪ್ರಾಮಾಣಿಕರಾಗಿದ್ದರೆ ಅವನ ಪುಣ್ಯ. ಇಲ್ಲವಾದರೆ ಅವನ ಹಣವು ಹೋದುದು ಅವನಿಗೇ ತಿಳಿಯದು. ಗುಪ್ತಸಂಖ್ಯೆಯನ್ನು ಯಾರಿಗೂ ತಿಳಿಸಬಾರದೆಂದು ಬ್ಯಾಂಕುಗಳು ದಿನಂಪ್ರತಿ ಉಪದೇಶಿಸುತ್ತವೆ. ತಿಳಿಸದೆ ಗತಿಯಿಲ್ಲದಂಥ ಆ್ಯಪನ್ನು ಕೈಗಿತ್ತು ಈ ಉಪದೇಶವನ್ನು ಮಾಡುವುದು ಯಾವ ನ್ಯಾಯ? ಸ್ವರಾಜ್ಯವೆಂದರೆ ತನ್ನ ಕಾರ್ಯವನ್ನು ತಾನೇ ನಡೆಸಿಕೊಳ್ಳುವ ಅಧಿಕಾರ. ದೇಶಕ್ಕೆ ದೊರೆತ ಆ ಅಧಿಕಾರವು ದೇಶದ ಪ್ರತಿಯೊಬ್ಬ ಪ್ರಜೆಯ ಅಂಗೈಗೂ ಮುಟ್ಟಬೇಡವೆ?

ಕಾಯಿದೆಯ ದೃಷ್ಟಿಯಿಂದಲೂ ಸಂದೇಹಕ್ಕೆ ಎಡೆಯಿಲ್ಲ. ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತವು 2007ರಲ್ಲಿ ಸ್ಥಿರೀಕರಿಸಿತು. 2016ರ ಕಾಯಿದೆಯು ಸರಕಾರಿ, ಖಾಸಗಿ ಎಂಬ ಭೇದವಿಲ್ಲದೆ ಸೇವೆ ಒದಗಿಸುವವರೆಲ್ಲರೂ ನಿಯಮಗಳು ಪ್ರಕಟವಾದ ಎರಡು ವರುಷಗಳೊಳಗಾಗಿ ತಮ್ಮ ಸೇವೆಯನ್ನು ಸುಗಮಗೊಳಿಸಬೇಕೆಂದು ವಿಧಿಸಿತು. ನಿಯಮಗಳು 2017ರಲ್ಲಿ ಬಂದವು. ಆದರೆ ನಿಯಮದ ಮಾತು ವಿಧಾಯಕವಾಗಿರದೆ ಕೇವಲ ಸಲಹೆಯಂತಿದ್ದುದನ್ನು ಕಂಡು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರಂದು ಅದು ಕಾಯಿದೆಗೆ ವಿರುದ್ಧವೆಂದು ತೀರ್ಮಾನಿಸಿ, ಕಡ್ಡಾಯವಾದ ನಿಯಮಗಳನ್ನು ಮೂರು ತಿಂಗಳೊಳಗೆ ರಚಿಸುವಂತೆ ಕೇಂದ್ರ ಸರಕಾರಕ್ಕೆ ಆಜ್ಞಾಪಿಸಿತು. ಭಾರತೀಯ ಮಾನಕ ಸಂಸ್ಥೆಯ ಐಎಸ್ 17802 ಎಂಬ ಮಾನಕವು ಸಿದ್ಧವಾಗಿದೆ. ಸರಕಾರಿ ಜಾಲತಾಣಗಳ ಮಾರ್ಗಸೂಚಿಯ 2023ರ ಆವೃತ್ತಿಯು ಆ್ಯಪುಗಳನ್ನೂ ಒಳಗೊಂಡಿದೆ. ಶಾಸ್ತ್ರಕ್ಕೆ ಕೊರತೆಯಿಲ್ಲ, ಆಚರಣೆಗೆ ಮಾತ್ರ ಕೊರತೆ.

“ಕೆಲವೇ ಮಂದಿಗಾಗಿ ಇಷ್ಟು ವೆಚ್ಚವೇ?” ಎಂದು ಕೇಳುವವರುಂಟು. ಮನೆ ಕಟ್ಟುವಾಗಲೇ ಬಾಗಿಲನ್ನು ಅಗಲವಾಗಿಟ್ಟರೆ ವೆಚ್ಚ ಅಲ್ಪ. ಕಟ್ಟಿ ಮುಗಿದ ಮೇಲೆ ಗೋಡೆ ಒಡೆದರೆ ಅಧಿಕ. ಆ್ಯಪಿನ ಸಂಗತಿಯೂ ಹಾಗೆಯೇ. ಮೇಲಾಗಿ ಅಂಗವಿಕಲರಿಗೆಂದು ಮಾಡಿದ ಸೌಕರ್ಯವು ಅವರಲ್ಲಿಯೇ ನಿಲ್ಲುವುದಿಲ್ಲ. ದಟ್ಟವಾದ ಅಕ್ಷರವು ಬಿಸಿಲಿನಲ್ಲಿ ನಿಂತ ರೈತನಿಗೂ, ದೊಡ್ಡ ಗುಂಡಿಯು ಮುದುಕರಿಗೂ, ಮಾತಿನ ಕೆಳಗೆ ಮೂಡುವ ಬರೆಹವು ಗದ್ದಲದ ಬಸ್ ನಿಲ್ದಾಣದಲ್ಲಿರುವ ಪ್ರಯಾಣಿಕನಿಗೂ ಉಪಕಾರಿ. ಮನಸ್ಸಿದ್ದರೆ ಮಾರ್ಗವಿದೆಯೆಂಬುದಕ್ಕೆ ರಿಸರ್ವ್ ಬ್ಯಾಂಕಿನವರು 2020ರ ಜನವರಿ 1ರಂದು ಹೊರತಂದ ‘ಮಣಿ’ ಎಂಬ ಆ್ಯಪೇ ಸಾಕ್ಷಿ: ನೋಟನ್ನು ಕ್ಯಾಮರಾದ ಮುಂದೆ ಹಿಡಿದರೆ ಅದು ಎಷ್ಟು ರೂಪಾಯಿನದೆಂದು ಇಂಟರ್‌ನೆಟ್ಟಿನ ಸಂಪರ್ಕವಿಲ್ಲದೆಯೇ ನುಡಿಯುತ್ತದೆ.

ಕರ್ನಾಟಕಕ್ಕೆ ಈ ಕಾರ್ಯವು ಹೊಸದಲ್ಲ. ದೃಷ್ಟಿಹೀನರಾದ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅನೇಕ ಅಂಧ ಬಾಲಕರನ್ನು ಸಂಗೀತ ವಿದ್ವಾಂಸರನ್ನಾಗಿ ಮಾಡಿದರು. ಭಾರತೀಯ ಭಾಷೆಗಳಿಗೆಲ್ಲ ಒಂದೇ ಬ್ರೈಲ್ ಪದ್ಧತಿಯು 1951ರಲ್ಲಿ ಅಂಗೀಕೃತವಾದುದರಿಂದ ಕನ್ನಡದ ಕಕಾರಕ್ಕೂ ಹಿಂದಿಯ ಕಕಾರಕ್ಕೂ ಒಂದೇ ಚುಕ್ಕೆಗಳಾದವು. ಇವರಾರೂ ಅಂಧರಿಗೆ ಭಿಕ್ಷೆ ಹಾಕಲಿಲ್ಲ. ವಿದ್ಯೆಯನ್ನು ಅವರ ಬೆರಳಿಗೂ ಕಿವಿಗೂ ಹೊಂದುವಂತೆ ಮಾಡಿಕೊಟ್ಟರು. ಇಂದಿನ ಎಂಜಿನಿಯರುಗಳು ಮಾಡಬೇಕಾದುದೂ ಅದನ್ನೇ. ಸಾಫ್ಟ್‌ವೇರಿನಿಂದ ಲೋಕವಿಖ್ಯಾತವಾದ ಬೆಂಗಳೂರು ಈ ವಿಷಯದಲ್ಲಿ ಮುಂದಾಳಾಗದಿದ್ದರೆ ಇನ್ನಾವ ನಗರವು ಆದೀತು?

ಆದುದರಿಂದ ಸರಕಾರದವರಿಗೂ ಸಂಸ್ಥೆಗಳಿಗೂ ನಮ್ಮ ಸೂಚನೆಗಳಿವು. ಆ್ಯಪಿನ ಟೆಂಡರಿನಲ್ಲಿಯೇ ಮೇಲೆ ಹೇಳಿದ ಮಾನಕವನ್ನು ಷರತ್ತಾಗಿ ನಮೂದಿಸಲಿ. ಗುತ್ತಿಗೆದಾರನ ಕೊನೆಯ ಬಿಲ್ಲನ್ನು ಪಾವತಿಮಾಡುವ ಮುಂಚೆ ಅಂಧರು, ಕಿವುಡರು, ಕೈಗಳಲ್ಲಿ ಬಲವಿಲ್ಲದವರು ಇವರಿಂದ ಆ್ಯಪನ್ನು ಬಳಸಿ ನೋಡಿಸಲಿ. ಹೀಗೆ ಬಳಸಿ ನೋಡುವವರಿಗೆ ತಕ್ಕ ಸಂಭಾವನೆಯನ್ನೂ ಕೊಡಲಿ. ಆ್ಯಪನ್ನು ಪ್ರತಿ ಸಲ ಹೊಸದಾಗಿ ತಿದ್ದಿದಾಗಲೂ ಈ ಪರೀಕ್ಷೆ ನಡೆಯಲಿ. ನಿನ್ನೆ ಮಾತಾಡುತ್ತಿದ್ದ ಗುಂಡಿಯು ಇಂದಿನ ತಿದ್ದುಪಡಿಯಿಂದ ಮೂಕವಾಗುವುದುಂಟು. ಆದೇಶಗಳೆಲ್ಲವೂ ಯೂನಿಕೋಡಿನ ಬರೆಹದಲ್ಲಿಯೇ ಹೊರಡಲಿ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ವಿದ್ಯೆಯು ಐಚ್ಛಿಕವಾಗಿರದೆ ಪಾಠಕ್ರಮದ ಅಂಗವಾಗಲಿ.

ಅಧಿಕಾರಿಗಳಲ್ಲಿ ಕೊನೆಯದಾಗಿ ಒಂದು ವಿಜ್ಞಾಪನೆ. ತಮ್ಮ ಇಲಾಖೆಯ ಆ್ಯಪನ್ನು ತೆರೆದು, ಫೋನಿನ ಓದುವ ಸಾಧನವನ್ನು ಚಾಲನೆಮಾಡಿ, ಕಣ್ಣುಮುಚ್ಚಿ, ಒಂದು ಅರ್ಜಿಯನ್ನು ಆರಂಭದಿಂದ ಅಂತ್ಯದವರೆಗೆ ತುಂಬಿ ನೋಡಲಿ. ತುಂಬಲು ಸಾಧ್ಯವಾದರೆ ಅವರು ಧನ್ಯರು. ಸಾಧ್ಯವಾಗದಿದ್ದರೆ ಯಾವ ಗುಂಡಿಯ ಬಳಿ ತಾವು ನಿಂತೆವೆಂಬುದನ್ನು ಗುರುತುಹಾಕಿಕೊಂಡು, ಮರುದಿನವೇ ಅದನ್ನು ಸರಿಪಡಿಸಲು ಆಜ್ಞೆಮಾಡಲಿ.