ಬೋಟಿನ ಟಾಯ್ಲೆಟ್ ಕಟ್ಟಿಕೊಂಡಾಗ

ದುಬೈ ಮರೀನಾದಲ್ಲೋ ದೋಹಾದ ಕಾರ್ನಿಷ್‌ನಲ್ಲೋ ಸಾಲಾಗಿ ನಿಂತ ಬಿಳಿ ಯಾಟ್‌ಗಳ ಮುಂದೆ ಫೋಟೋ ತೆಗೆದು ಊರಿಗೆ ಕಳಿಸದವರು ನಮ್ಮಲ್ಲಿ ಕಡಿಮೆ. ಆ ಯಾಟ್‌ಗಳ ಹೊಟ್ಟೆಯೊಳಗೆ ಮೊಣಕಾಲೂರಿ ಕೆಲಸ ಮಾಡುವ ನಮ್ಮವರೂ ಇದ್ದಾರೆ. ಕರಾವಳಿ ಕಡೆಯಿಂದ ಬಂದ ಫಿಟ್ಟರ್‌ಗಳು, ಪ್ಲಂಬರ್‌ಗಳು, ಡೆಕ್‌ನಲ್ಲಿ ದುಡಿಯುವ ಹುಡುಗರು. ಎಂಜಿನ್ ಕೆಟ್ಟಿದೆ ಅಂದರೆ ಇವರು ಉತ್ಸಾಹದಿಂದಲೇ ಹೊರಡುತ್ತಾರೆ. ಟಾಯ್ಲೆಟ್ ಕಟ್ಟಿಕೊಂಡಿದೆ ಅಂದರೆ ಮಾತ್ರ ಮುಖ ಸಪ್ಪಗಾಗುತ್ತದೆ. ಅದು ಸಹಜ. ಆದರೆ ಎಲ್ಲಿಂದ ಹುಡುಕಲು ಶುರು ಮಾಡಬೇಕು ಅನ್ನುವುದು ಗೊತ್ತಿದ್ದರೆ ಈ ಕೆಲಸ ಅರ್ಧ ಗಂಟೆಯದು; ಗೊತ್ತಿಲ್ಲದಿದ್ದರೆ ಇಡೀ ದಿನದ್ದು, ಕೆಲವೊಮ್ಮೆ ಜೀವಕ್ಕೇ ಸಂಚಕಾರ.

ವಿಲ್ಲಾ, ಫ್ಲ್ಯಾಟ್‌ಗಳಲ್ಲಿ ಪಳಗಿದ ಪ್ಲಂಬರ್‌ಗಳು ಮೊದಲು ಒಂದು ವಿಷಯ ತಿಳಿದಿರಬೇಕು. ಮನೆಯ ಕಮೋಡ್‌ನಲ್ಲಿ ಎಲ್ಲವೂ ತನ್ನ ಭಾರಕ್ಕೆ ಕೆಳಗೆ ಇಳಿದುಹೋಗುತ್ತದೆ. ಬೋಟಿನಲ್ಲಿ ಹಾಗಲ್ಲ. ಕಮೋಡ್ ಸಮುದ್ರದ ನೀರಿನ ಮಟ್ಟಕ್ಕಿಂತ ಕೆಳಗೇ ಇರುವುದು ಸಾಮಾನ್ಯ. ಅಲ್ಲಿಂದ ಹೊಲಸನ್ನು ಪಂಪ್ ಮೇಲಕ್ಕೆ ತಳ್ಳಬೇಕು. ಅದು ಮೇಲೆ ಕಮಾನಿನಂತೆ ಬಾಗಿದ ಪೈಪನ್ನು ದಾಟಿ ಟ್ಯಾಂಕಿಗೋ ಹೊರಗಿನ ವಾಲ್ವ್‌ಗೋ ಹೋಗಬೇಕು. ಹಾಗಾಗಿ ರಬ್ಬರ್ ಬಟ್ಟಲಿನ ಕೋಲು ಒತ್ತಿ, ಡ್ರೈನ್ ಆ್ಯಸಿಡ್ ಸುರಿದರೆ ಪ್ರಯೋಜನವಿಲ್ಲ. ಆ್ಯಸಿಡ್ ಪಂಪಿನ ರಬ್ಬರನ್ನೂ ಲೋಹವನ್ನೂ ತಿನ್ನುತ್ತದೆ. ಹಿಂದಿನ ದಿನ ಕ್ಲೀನರ್ ಬ್ಲೀಚ್ ಹಾಕಿದ್ದರಂತೂ ಆ ಸಣ್ಣ ಕ್ಯಾಬಿನ್ ತುಂಬ ಕ್ಲೋರಿನ್ ಅನಿಲ ಎದ್ದೀತು.

ಕೈ ಪಂಪಿನ ಟಾಯ್ಲೆಟ್ ಆದರೆ ನಿಮ್ಮ ಕೈಯೇ ಅರ್ಧ ಪರೀಕ್ಷೆ ಮಾಡಿಬಿಡುತ್ತದೆ. ಹಿಡಿ ಗಟ್ಟಿಯಾಗಿ, ಒತ್ತಿದರೂ ಇಳಿಯದಿದ್ದರೆ ಮುಂದೆ ಎಲ್ಲೋ ದಾರಿ ಮುಚ್ಚಿದೆ ಎಂದರ್ಥ. ಆಗ ಜೋರು ಮಾಡಬೇಡಿ, ಹೋಸ್ ಕಳಚಿಕೊಂಡು ಮೈಮೇಲೆ ಸ್ನಾನವಾದೀತು. ಹಿಡಿ ಹಗುರವಾಗಿ ಆಡುತ್ತಿದ್ದು ನೀರು ಮಾತ್ರ ಇಳಿಯದಿದ್ದರೆ ಪಂಪಿನ ಒಳಗಿನ ಪಿಸ್ಟನ್ ರಿಂಗೋ ಅಡಿಯ ರಬ್ಬರ್ ವಾಲ್ವೋ ಸವೆದಿದೆ. ಎಲೆಕ್ಟ್ರಿಕ್ ಆದರೆ ಕಿವಿಗೊಟ್ಟು ಕೇಳಿ. ಗುಂಯ್ ಎನ್ನುತ್ತಿದ್ದೂ ತಿರುಗದಿದ್ದರೆ ಅರೆಯುವ ಬ್ಲೇಡಿಗೆ ಏನೋ ಸಿಕ್ಕಿಕೊಂಡಿದೆ, ಇಲ್ಲವೇ ಬ್ಯಾಟರಿ ಸೊರಗಿದೆ. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್ ನೋಡಿ.

ಹಿಡಿ ಗಟ್ಟಿಯಾಗಿದ್ದಾಗ ಸ್ಪ್ಯಾನರ್ ಎತ್ತುವ ಮೊದಲು ಮೂರು ಕಡೆ ನೋಡಬೇಕು. ಹೊರಗೆ ಹೋಗುವ ವಾಲ್ವ್ ಮುಚ್ಚಿದೆಯೇ? ಟ್ಯಾಂಕಿಗೆ ಹೋಗಬೇಕಾದ ತಿರುವಿನ ವಾಲ್ವ್ ಅತ್ತಲೂ ಅಲ್ಲ ಇತ್ತಲೂ ಅಲ್ಲ ಎನ್ನುವಂತೆ ನಡುವೆ ನಿಂತಿದೆಯೇ? ಟ್ಯಾಂಕ್ ತುಂಬಿದೆಯೇ? ಇವೆಲ್ಲ ಸರಿಯಿದ್ದರೂ ಟ್ಯಾಂಕಿನ ಗಾಳಿ ಕೊಳವೆ ಕಟ್ಟಿಕೊಂಡಿರಬಹುದು. ಒಳಗಿನ ಗಾಳಿಗೆ ಹೊರದಾರಿ ಇಲ್ಲದಿದ್ದರೆ ಖಾಲಿ ಟ್ಯಾಂಕಿಗೂ ಹೊಲಸು ಇಳಿಯುವುದಿಲ್ಲ. ಡೆಕ್ ಮೇಲಿನ ಪಂಪ್-ಔಟ್ ಮುಚ್ಚಳವನ್ನು ಮುಖ ಆ ಕಡೆ ತಿರುಗಿಸಿ, ನಿಧಾನಕ್ಕೆ ಸಡಿಲಿಸಿ. ಉಸ್ ಎಂದು ಗಾಳಿ ಹೊರಬಂದು ಪಂಪ್ ಹಗುರಾದರೆ ಕಳ್ಳ ಸಿಕ್ಕಿದ ಹಾಗೆ. ಹಲ್‌ನ ಹೊರಬದಿಯಲ್ಲಿರುವ ಗಾಳಿ ಕೊಳವೆಯ ಬಾಯಲ್ಲಿ ಉಪ್ಪೋ ಕಣಜದ ಹುಳುವಿನ ಗೂಡೋ ಇದ್ದೀತು.

ಇಷ್ಟಾದರೂ ಸರಿಹೋಗದಿದ್ದರೆ, ನನ್ನ ಪಂತ ಹೋಸ್ ಪೈಪಿನ ಮೇಲೆ. ಬೋರ್‌ವೆಲ್ ನೀರಿನ ಊರಿನಲ್ಲಿ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕೂರುವುದನ್ನು ನೋಡಿದ್ದೀರಲ್ಲ, ಅದರ ಅಣ್ಣ ಇದು. ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ ಇದೆ. ಮೂತ್ರದ ಯೂರಿಯಾ ಕೊಳೆತು ಅಮೋನಿಯಾ ಆದಾಗ ನೀರು ಕ್ಷಾರವಾಗುತ್ತದೆ, ಆಗ ಆ ಕ್ಯಾಲ್ಸಿಯಂ ಸುಣ್ಣದಂತೆ ಪೈಪಿನ ಗೋಡೆಗೆ ಹತ್ತುತ್ತದೆ. ಮಹಾಸಾಗರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದರೆ ನಮ್ಮ ಈ ಕೊಲ್ಲಿಯಲ್ಲಿ 40 ಗ್ರಾಂ ಆಸುಪಾಸು. ಬೇಸಿಗೆಯಲ್ಲಿ ನೀರಿನ ಬಿಸಿ 32 ಡಿಗ್ರಿ ದಾಟುತ್ತದೆ. ಉಪ್ಪೂ ಹೆಚ್ಚು, ಬಿಸಿಯೂ ಹೆಚ್ಚು. ಪದರ ಕೂರಲು ಇನ್ನೇನು ಬೇಕು?

ಲೆಕ್ಕ ಹಾಕಿ ನೋಡಿ. ಇಂಥ ಪೈಪಿನ ಒಳ ಅಳತೆ ಹೆಚ್ಚಾಗಿ 38 ಮಿಲಿಮೀಟರ್. ಸುತ್ತಲೂ 6 ಮಿಲಿಮೀಟರ್ ಸುಣ್ಣ ಕೂತರೆ ಉಳಿಯುವುದು 26. ದಾರಿ ಅರ್ಧಕ್ಕಿಂತ ಕಡಿಮೆಯಾಯಿತು! ಅಂಥ ಪೈಪಿಗೆ ಒಂದೇ ಒಂದು ವೆಟ್ ವೈಪ್ ಬಿದ್ದರೂ ಸಾಕು. ಆಮೇಲೆ ಆಗುವುದು ನಮಗೆಲ್ಲ ಗೊತ್ತಿರುವ ಕಥೆ: ಕ್ಲೀನರ್ ಹುಡುಗನನ್ನು ಕರೆದು "ಏನು ಹಾಕಿದೆ ಹೇಳು" ಎಂದು ಗದರಿಸುವುದು, ಸಂಬಳದಲ್ಲಿ ಹಿಡಿಯುತ್ತೇನೆ ಎನ್ನುವುದು. ಆದ್ದರಿಂದ ಪೈಪ್ ಬಿಚ್ಚಿದ ಕೂಡಲೇ ಅದರ ಬಾಯಿಯ ಫೋಟೋ ತೆಗೆದಿಡಿ. ವೈಪ್ ಬಿದ್ದದ್ದು ನಿನ್ನೆ ಇರಬಹುದು, ಸುಣ್ಣ ಕೂತದ್ದು ವರ್ಷಗಟ್ಟಲೆ. ಫೋಟೋ ಇದ್ದರೆ ಆ ಹುಡುಗ ಬಚಾವಾಗುತ್ತಾನೆ.

ಪದರ ತೆಗೆಯುವ ಹಳೆಯ ಉಪಾಯ ಸರಳ. ಹೋಸ್ ಬಿಚ್ಚಿ, ತೊಳೆದು, ಸಿಮೆಂಟ್ ನೆಲಕ್ಕೆ ಬಡಿಯುವುದು. ಸುಣ್ಣ ಒಡೆದು ಚೂರುಚೂರಾಗಿ ಉದುರುತ್ತದೆ. ಹೋಸ್ ತೀರಾ ಹಳತಾಗಿದ್ದರೆ ಹೊಸದನ್ನೇ ಹಾಕುವುದು ಲೇಸು. ತೆಳು ಪದರಕ್ಕೆ ಬಿಳಿ ವಿನೆಗರ್ ಸುರಿದು, ಪೈಪಿನೊಳಗೆ ಸೇರುವಷ್ಟು ಪಂಪ್ ಮಾಡಿ, ರಾತ್ರಿಯಿಡೀ ಬಿಟ್ಟರೆ ಸಾಕು. ಮತ್ತೆ ಕೂರದಂತೆ ಮಾಡುವುದು ಬಳಸುವವರ ಕೈಯಲ್ಲಿದೆ. 38 ಮಿಲಿಮೀಟರ್ ಪೈಪಿನ ಒಂದು ಮೀಟರಿಗೆ ಸುಮಾರು 1.1 ಲೀಟರ್ ನೀರು ಹಿಡಿಯುತ್ತದೆ. 3 ಮೀಟರ್ ದಾರಿ ಇದ್ದರೆ 3 ಲೀಟರ್ ದಾಟಿತು. ನಾಲ್ಕು ಸಲ ಹಿಡಿ ಆಡಿಸಿ ಹೊರಬಂದರೆ ಮೂತ್ರವೆಲ್ಲ ಪೈಪಿನಲ್ಲೇ ನಿಂತಿರುತ್ತದೆ. ಇದನ್ನು ಗೆಸ್ಟ್‌ಗಳಿಗೆ ಯಾರು ಹೇಳುತ್ತಾರೆ? ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿ.

ಇನ್ನೊಂದು ದೂರು: ಪಂಪ್ ಮಾಡಿದಾಗ ಖಾಲಿಯಾದ ಕಮೋಡ್ ಸ್ವಲ್ಪ ಹೊತ್ತಿಗೆ ಮತ್ತೆ ತುಂಬುವುದು. ಬರುವ ನೀರು ಕೊಳಕಾಗಿದ್ದರೆ ಪಂಪಿನ ಹೊರಬಾಯಲ್ಲಿರುವ ಜೋಕರ್ ವಾಲ್ವ್ ನೋಡಿ. ಬಾತುಕೋಳಿಯ ಕೊಕ್ಕಿನಂತಿರುವ ಈ ರಬ್ಬರ್ ತುಂಡು ಬಿರುಸಾದರೆ ಬಾಯಿ ಮುಚ್ಚುವುದಿಲ್ಲ. ಬರುವುದು ಶುದ್ಧ ಸಮುದ್ರದ ನೀರಾದರೆ ಮಾತ್ರ ತಮಾಷೆಯಲ್ಲ. ಕಮಾನು ಪೈಪಿನ ತುದಿಯ ಗಾಳಿ ವಾಲ್ವ್ ಉಪ್ಪು ಹಿಡಿದು, ಸಮುದ್ರ ತಾನೇ ತಾನಾಗಿ ಒಳಗೆ ಹರಿಯುತ್ತಿರಬಹುದು. ರಾತ್ರಿ ಯಾರೂ ಇಲ್ಲದಾಗ ಬೋಟ್ ಮುಳುಗಲು ಅಷ್ಟು ಸಾಕು. ತಕ್ಷಣ ತಳದ ವಾಲ್ವ್ ಮುಚ್ಚಿ. ಎರಡನೇ ಮಹಾಯುದ್ಧದಲ್ಲಿ, 1945ರ ಏಪ್ರಿಲ್ 14ರಂದು, ಜರ್ಮನಿಯ ಯು-1206 ಎಂಬ ಜಲಾಂತರ್ಗಾಮಿಯನ್ನು ಸ್ಕಾಟ್ಲೆಂಡ್ ಬಳಿ ಅದರ ಸಿಬ್ಬಂದಿಯೇ ಕೈಬಿಡಬೇಕಾಯಿತು. ಟಾಯ್ಲೆಟ್ ಮೂಲಕ ನುಗ್ಗಿದ ನೀರು ಬ್ಯಾಟರಿಗೆ ತಲುಪಿ ಕ್ಲೋರಿನ್ ಎದ್ದದ್ದೇ ಕಾರಣ ಎಂದು ದಾಖಲಾಗಿದೆ.

ಈಗ ಅನಿಲದ ಮಾತು. ಕೊಳೆತ ಹೊಲಸಿನಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಕೊಳೆತ ಮೊಟ್ಟೆಯ ನಾತ ಅದರದೇ. ನಾತ ನಿಂತರೆ ಅನಿಲ ಹೋಯಿತು ಎಂದುಕೊಳ್ಳುವವರಿದ್ದಾರೆ. ನಿಜ ತಿರುಗಾಮುರುಗ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 100 ಪಾಲು ಈ ಅನಿಲವಿದ್ದರೆ ಕೆಲವೇ ನಿಮಿಷಗಳಲ್ಲಿ ಮೂಗು ಸತ್ತುಹೋಗುತ್ತದೆ. 700 ದಾಟಿದರೆ ಒಂದೆರಡು ಉಸಿರಿಗೇ ಮನುಷ್ಯ ಕುಸಿಯುತ್ತಾನೆ. ಇದು ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ನಮ್ಮ ಊರುಗಳ ಮ್ಯಾನ್‌ಹೋಲ್‌ಗಳಲ್ಲಿ ಒಬ್ಬ ಬಿದ್ದ, ಎತ್ತಲು ಇಳಿದ ಇನ್ನಿಬ್ಬರೂ ಬಿದ್ದರು ಎಂಬ ಸುದ್ದಿ ಎಷ್ಟು ಸಲ ಓದಿಲ್ಲ? ಭಾರತದಲ್ಲಿ 2013ರ ಕಾಯ್ದೆ ರಕ್ಷಣಾ ಸಲಕರಣೆಗಳಿಲ್ಲದೆ ಚರಂಡಿಗೆ, ಮಲಗುಂಡಿಗೆ ಇಳಿಸುವುದನ್ನು ನಿಷೇಧಿಸಿದೆ. ಅಲ್ಲಿ ಬೇಡವೆಂದದ್ದನ್ನು ಇಲ್ಲಿ ಬಂದು ಮಾಡಬೇಕಿಲ್ಲ.

ದೊಡ್ಡ ಯಾಟ್, ಸಪ್ಲೈ ಹಡಗುಗಳ ಟ್ಯಾಂಕಿಗೆ ಮನುಷ್ಯ ಇಳಿಯುವಷ್ಟು ದೊಡ್ಡ ಬಾಯಿ ಇರುತ್ತದೆ. "ಐದು ನಿಮಿಷ, ಇಳಿದು ಪೈಪ್ ಬಾಯಿ ಬಿಡಿಸಿ ಬಾ" ಎಂದು ಫೋರ್‌ಮನ್ ಹೇಳಿದರೆ ಗ್ಯಾಸ್ ಮೀಟರ್ ಎಲ್ಲಿ, ಪರ್ಮಿಟ್ ಎಲ್ಲಿ, ಗಾಳಿ ಊದುವ ಬ್ಲೋವರ್ ಎಲ್ಲಿ, ಮೇಲೆ ಹಗ್ಗ ಹಿಡಿದು ನಿಲ್ಲುವವರು ಯಾರು ಎಂದು ಕೇಳಿ. ಒಂದು ಇಲ್ಲದಿದ್ದರೂ ಇಳಿಯಬೇಡಿ. ಮೂಗಿಗೆ ಕಟ್ಟುವ ಬಟ್ಟೆ, ಧೂಳಿನ ಮಾಸ್ಕ್ ಇದಕ್ಕೆ ಲೆಕ್ಕಕ್ಕೇ ಇಲ್ಲ. ಪಕ್ಕದವನು ಒಳಗೆ ಬಿದ್ದರೂ ಹಿಂದೆಯೇ ಹಾರಬೇಡಿ. ಕೂಗಿ, ಜನ ಸೇರಿಸಿ, ಉಸಿರಾಟದ ಸಿಲಿಂಡರ್ ಇರುವವರನ್ನು ಕರೆಸಿ. ಟ್ಯಾಂಕನ್ನು ಮೇಲಿನಿಂದಲೇ ಪಂಪ್-ಔಟ್ ಮಾಡಿಸಿ, ನೀರು ತುಂಬಿ, ಮತ್ತೆ ಖಾಲಿ ಮಾಡಿಸಿದರೆ ಹೆಚ್ಚಿನ ಸಲ ಇಳಿಯುವ ಪ್ರಸಂಗವೇ ಬರುವುದಿಲ್ಲ.

ಕೊನೆಗೆ ಜೋಡಿಸುವಾಗ: ಹೊಸ ಜೋಕರ್ ವಾಲ್ವಿನ ಕೊಕ್ಕು ಹೊಲಸು ಹೋಗುವ ದಿಕ್ಕಿಗಿರಲಿ, ಹೋಸಿನ ಪ್ರತಿ ತುದಿಗೂ ಎರಡೆರಡು ಸ್ಟೀಲ್ ಕ್ಲಿಪ್ ಬೀಳಲಿ. ತಳದ ವಾಲ್ವ್ ತೆರೆದು ಹತ್ತು ನಿಮಿಷ ಟಾರ್ಚ್ ಹಿಡಿದು ಕೂತು ನೋಡಿ. ಕಮೋಡಿನ ನೀರು ಏರದೆ, ಕ್ಲಿಪ್‌ಗಳ ಕೆಳಗೆ ಹನಿ ಬೀಳದೆ ಇದ್ದರೆ ಸಾಮಾನು ಕಟ್ಟಬಹುದು.