ಎಳೆ ಹರಿಯದಂತೆ, ಚೈತನ್ಯ ಹರಿಯುವಂತೆ

ಹೊಕ್ಕುಳ ಕೆಳಗೆ ಎರಡೂ ಕೈಗಳ ಬೆರಳು ಹೆಣೆದುಕೊಳ್ಳಿ. ಉಸಿರೆಳೆಯುತ್ತ ಕೈಗಳನ್ನು ಎದೆಮಟ್ಟಕ್ಕೆ ತನ್ನಿ. ಅಲ್ಲಿಂದ ಅಂಗೈ ಹೊರಳಿಸಿ ನೆತ್ತಿಯ ಮೇಲಕ್ಕೆ ಒತ್ತಿ. ಒಂದು ಗಳಿಗೆ ತಡೆದು, ಬೆರಳು ಬಿಡಿಸಿ, ತೋಳುಗಳನ್ನು ಎರಡೂ ಬದಿಯಿಂದ ಇಳಿಸಿ. ಚೀನಾದ ಚಿಗಾಂಗ್ ಅಭ್ಯಾಸಗಳಲ್ಲಿ ಮನೆಮಾತಾದ ‘ಬಾದ್ವಾನ್‌ಜಿನ್’ ಸರಣಿಯ ಮೊದಲ ಚಲನೆ ಇದು. ಎರಡು ಕೈಯಲ್ಲಿ ಆಕಾಶ ಎತ್ತಿಹಿಡಿಯುವುದು ಎಂದು ಇದಕ್ಕೆ ಹೆಸರು. ನೋಡಿದರೆ ನಿದ್ದೆಯಿಂದೆದ್ದು ಮೈಮುರಿದಷ್ಟೇ ಸಲೀಸು. ಎಲ್ಲೂ ಅವಸರವಿಲ್ಲದೆ, ಒಂದೇ ಸಮನೆ ಮಾಡಿ ನೋಡಿ. ಕಷ್ಟ ಆಗ ಗೊತ್ತಾಗುತ್ತದೆ.

ಬಾದ್ವಾನ್‌ಜಿನ್ ಎಂದರೆ ಚಿತ್ತಾರ ನೇಯ್ದ ರೇಷ್ಮೆಯ ಎಂಟು ತುಂಡು. 12ನೇ ಶತಮಾನದ ಹೊಂಗ್ ಮಾಯ್ ಬರೆದ ಕಥಾಸಂಗ್ರಹದಲ್ಲೇ ಈ ಹೆಸರಿದೆ. ಬೇರು ಇನ್ನೂ ಹಿಂದಿನದು. ಹುನಾನ್ ಪ್ರಾಂತ್ಯದ ಮವಾಂಗ್‌ದುಯಿಯಲ್ಲಿ, ಕ್ರಿ.ಪೂ. 168ರಲ್ಲಿ ಮುಚ್ಚಿದ ಸಮಾಧಿಯೊಂದನ್ನು 1970ರ ದಶಕದಲ್ಲಿ ಅಗೆದಾಗ ರೇಷ್ಮೆಯ ಮೇಲೆ ಬರೆದ ಚಿತ್ರ ಸಿಕ್ಕಿತು. ಬಾಗುತ್ತ, ಕೈಚಾಚುತ್ತ ಕಸರತ್ತು ಮಾಡುತ್ತಿರುವ 44 ಮಂದಿ ಅದರಲ್ಲಿದ್ದಾರೆ. ಹೆಂಗಸರೂ ಇದ್ದಾರೆ, ಮುದುಕರೂ ಇದ್ದಾರೆ. ‘ಚಿಗಾಂಗ್’ ಎಂಬ ಮಾತು ಮಾತ್ರ ವ್ಯಾಪಕ ಬಳಕೆಗೆ ಬಂದದ್ದು 1950ರ ದಶಕದಲ್ಲಿ, ಚೀನಾದ ಲಿಯು ಗ್ವೀಜೆನ್ ಎಂಬವರು ಇಂಥ ಅಭ್ಯಾಸಗಳನ್ನು ಚಿಕಿತ್ಸೆಯಾಗಿ ಕಲಿಸತೊಡಗಿದ ಮೇಲೆ.

ರೇಷ್ಮೆಗೂಡಿನಿಂದ ನೂಲು ತೆಗೆದಂತೆ ಚಲಿಸಬೇಕೆಂದು ಚೀನಾದ ತಾಯ್‌ಚಿ ಗುರುಗಳು ಹೇಳುವುದುಂಟು. ರಾಮನಗರದಲ್ಲಿ ರೇಷ್ಮೆಗೂಡು ಬಿಚ್ಚುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಬಿಸಿನೀರಿನಲ್ಲಿ ತೇಲುವ ಗೂಡಿನ ಎಳೆ ಜಗ್ಗಿದರೆ ಹರಿಯುತ್ತದೆ, ಸುಮ್ಮನೆ ಬಿಟ್ಟರೆ ಸಿಕ್ಕಾಗುತ್ತದೆ. ತೋಳಿನಲ್ಲಿ ಇರಬೇಕಾದ ಬಿಗಿಯೂ ಅಷ್ಟೇ. ಚೀನೀಯರ ‘ಸೋಂಗ್’ ಎಂಬ ಮಾತಿಗೆ ಸಡಿಲ ಎಂದರ್ಥ. ಗೋಣಿಚೀಲದ ಹಾಗೆ ಕುಸಿಯುವ ಸಡಿಲವಲ್ಲ. ಮಂಡಿ ಕೊಂಚ ಮಡಿಸಿ, ಹೆಗಲು ಇಳಿಬಿಟ್ಟು, ಮೈಭಾರವನ್ನು ಅಂಗಾಲಿಗೆ ಇಳಿಯಗೊಟ್ಟು, ನೆತ್ತಿಗೆ ದಾರ ಕಟ್ಟಿ ಮೇಲೆತ್ತಿದಂತೆ ನಿಲ್ಲುವುದು. ಬಿಗಿದಲ್ಲಿ ‘ಚಿ’ ಎಂಬ ಚೈತನ್ಯ ನಿಲ್ಲುತ್ತದೆ, ಸಡಿಲಿದಲ್ಲಿ ಹರಿಯುತ್ತದೆ ಎಂಬುದು ಅವರ ತಿಳಿವಳಿಕೆ.

ಹರಿವಿಗೊಂದು ದಾರಿಯೂ ಉಂಟು. ಹೊಕ್ಕುಳ ಕೆಳಗಿನ ‘ದಾನ್‌ತಿಯನ್’ನಿಂದ ಹೊರಟ ಚೈತನ್ಯ ಬೆನ್ನುಹುರಿಯ ಗುಂಟ ನೆತ್ತಿಗೇರಿ, ಮುಖ, ಎದೆ ದಾಟಿ, ಹೊರಟಲ್ಲಿಗೇ ಮರಳುತ್ತದೆ. ಹಿಂದಿನ ನಾಡಿಗೂ ಮುಂದಿನ ನಾಡಿಗೂ ಸೇತುವೆಯಾಗಲೆಂದು ನಾಲಗೆಯ ತುದಿಯನ್ನು ಅಂಗುಳಕ್ಕೆ ತಾಗಿಸುತ್ತಾರೆ. ಓದುಗರಿಗೆ ನಮ್ಮ ಸುಷುಮ್ನೆ ನೆನಪಾಗಬಹುದು. ಆದರೆ ಕುಂಡಲಿನಿಗೆ ಸಹಸ್ರಾರದ ಏರು ಮುಖ್ಯ. ಇಲ್ಲಿ ಸುತ್ತು ಮುಗಿಸಿ ಹೊಟ್ಟೆಗೆ ಇಳಿಯುವುದು ಮುಖ್ಯ. ನನ್ನನ್ನು ಈ ಅಭ್ಯಾಸದತ್ತ ಸೆಳೆದದ್ದು ಈ ಇಳಿಯುವಿಕೆಯೇ. ದಿನವಿಡೀ ತಲೆಯಲ್ಲೇ ಬದುಕುವ ನಮಗೆ ಬೇಕಾದದ್ದು ಅದು.

ಹಾಗೆಂದು ಹೊಸಬರು ಚೈತನ್ಯವನ್ನು ಮನೋಬಲದಿಂದ ದೂಡಲು ಹೋಗಬಾರದು. ಬಲ್ಲವರೆಲ್ಲ ಹೀಗೆಯೇ ಎಚ್ಚರಿಸುತ್ತಾರೆ. ದೇಹವನ್ನು ಕೊಯ್ದು ನೋಡಿದವರಿಗೆ ಈ ನಾಡಿಗಳು ನಳಿಕೆಗಳಾಗಿ ಸಿಕ್ಕಿಲ್ಲ, ಅದನ್ನು ಮುಚ್ಚಿಡಬೇಕಾಗಿಲ್ಲ. ಕೆಲವು ಸುತ್ತಿನ ಬಳಿಕ ಬೆರಳ ತುದಿ ಬೆಚ್ಚಗಾಗುವುದು, ಅಂಗೈ ಜುಮ್ಮೆನ್ನುವುದು ಮಾತ್ರ ಅಭ್ಯಾಸಿಗಳ ಅನುಭವ. ಮೈ ಸಡಿಲಿದಾಗ ರಕ್ತನಾಳ ಹಿಗ್ಗುವುದೂ ಇದಕ್ಕೊಂದು ಕಾರಣವಿರಬಹುದು. ಕಾಯಿಲೆಗೆ ಔಷಧ ಬಿಟ್ಟು ಇದನ್ನೇ ನೆಚ್ಚುವುದು ತಪ್ಪು.

ಬಾದ್ವಾನ್‌ಜಿನ್‌ನ ಕೊನೆಯ, ಎಂಟನೆಯ ಚಲನೆ ಎಲ್ಲಕ್ಕಿಂತ ಚಿಕ್ಕದು. ಹಿಮ್ಮಡಿ ಎತ್ತಿ ನಿಂತು, ಮೆತ್ತಗೆ ನೆಲಕ್ಕೆ ಬಿಡುವುದು, ಏಳು ಬಾರಿ. ಸಣ್ಣ ಅದುರು ಕಾಲಿನಿಂದ ತಲೆಯವರೆಗೆ ಹೋಗುತ್ತದೆ. ಬಳಿಕ ಒಂದರ ಮೇಲೊಂದು ಅಂಗೈಯನ್ನು ಹೊಟ್ಟೆಯ ಮೇಲಿಟ್ಟು, ಆ ಅದುರು ಅಡಗುವವರೆಗೆ ನಿಲ್ಲಬೇಕು.